ತೇಕ್ಕಡಿಯ ನೀರಿನ ಮೇಲೆ: ಮರದ ದೋಣಿಯ ವಯಸ್ಸನ್ನು ಓದುವ ಬಗೆ

ಕ್ರಿ.ಶ. 1886ನೆಯ ವರ್ಷವು ಎರಡು ಕಾರಣಗಳಿಂದ ನೆನಪಿಡತಕ್ಕದ್ದು. ಆ ವರ್ಷ ಜರ್ಮನಿಯ ನೆಕರ್ ನದಿಯಲ್ಲಿ ಗೊಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಕ್ ಎಂಬ ಇಬ್ಬರು ತಂತ್ರಜ್ಞರು ತಾವು ರೂಪಿಸಿದ ಪುಟ್ಟ ಎಂಜಿನ್ನನ್ನು ಒಂದು ಮರದ ದೋಣಿಯೊಳಗೆ ಕೂಡಿಸಿ ಓಡಿಸಿದರು. ಅದೇ ವರ್ಷದ ಅಕ್ಟೋಬರ್ 29ರಂದು, ನಮ್ಮ ದೇಶದ ದಕ್ಷಿಣದ ತುದಿಯಲ್ಲಿ, ತಿರುವಾಂಕೂರು ಸಂಸ್ಥಾನಕ್ಕೂ ಬ್ರಿಟಿಷ್ ಸರಕಾರಕ್ಕೂ ನಡುವೆ ಪೆರಿಯಾರ್ ಗುತ್ತಿಗೆಯ ಪತ್ರವು ಸಹಿಯಾಯಿತು. 8,000 ಎಕರೆ ಭೂಮಿ, ಎಕರೆಗೆ ವರ್ಷಕ್ಕೆ 5 ರೂಪಾಯಿ, ಅವಧಿ 999 ವರ್ಷ. ಮೋಟಾರು ದೋಣಿಯೂ, ಮುಂದೆ ಅದು ತೇಲಬೇಕಾಗಿದ್ದ ಸರೋವರದ ಹಕ್ಕುಪತ್ರವೂ ಒಂದೇ ವರ್ಷದಲ್ಲಿ ಹುಟ್ಟಿದವು. ಪತ್ರದ ವಯಸ್ಸನ್ನು ಎಲ್ಲರೂ ಬಲ್ಲರು; ಅದರ ಮೇಲೆಯೇ ದಿನಾಂಕವಿದೆ. ದೋಣಿಯ ವಯಸ್ಸನ್ನು ತಿಳಿಯುವುದು ಹೇಗೆ? ದಿಂಡಿಗಲ್ಲಿನಿಂದ ಕಂಬಂ ಕಣಿವೆಯ ಮಾರ್ಗವಾಗಿ ತೇಕ್ಕಡಿಗೆ ಹೋಗುವ ಕುಟುಂಬಗಳು, ಶಾಲಾ ಪ್ರವಾಸದ ತಂಡಗಳು ಈ ಪ್ರಶ್ನೆಯನ್ನು ಜೊತೆಯಲ್ಲಿ ಕೊಂಡೊಯ್ದರೆ ಪ್ರವಾಸಕ್ಕೆ ಬೇರೆಯೇ ಅರ್ಥ ಬರುತ್ತದೆ.

ದಿಂಡಿಗಲ್ಲಿನಿಂದ ಕುಮಿಳಿಯವರೆಗೆ

ದಿಂಡಿಗಲ್ಲು ಕನ್ನಡಿಗರಿಗೆ ತೀರ ಅಪರಿಚಿತವಾದ ಊರಲ್ಲ. 1755ರಲ್ಲಿ ಮೈಸೂರಿನ ಫೌಜುದಾರನಾಗಿ ಇಲ್ಲಿಗೆ ಬಂದ ಹೈದರ್ ಅಲಿಯು ಫ್ರೆಂಚ್ ಕುಶಲಿಗರ ನೆರವಿನಿಂದ ಶಸ್ತ್ರಾಗಾರವನ್ನು ಕಟ್ಟಿಸಿದನು; ಅವನ ಏಳಿಗೆಯ ಮೊದಲ ಮೆಟ್ಟಿಲು ಈ ಬಂಡೆಯ ಕೋಟೆಯೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಬಿಟ್ಟುಕೊಟ್ಟ ಸೀಮೆಗಳಲ್ಲಿ ದಿಂಡಿಗಲ್ಲೂ ಒಂದು. ಇಂದು ಊರಿನ ಹೆಸರನ್ನು ಹೊತ್ತು ತಿರುಗುವುದು ಕೈಯಿಂದ ಮಾಡಿದ ಬೀಗ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹಳೆಯ ಬೀಗವನ್ನು ಹೊಸದರಿಂದ ಬೇರೆಮಾಡಿ ಗುರುತಿಸಬಲ್ಲ ಕಮ್ಮಾರರು ಮಾಡುವ ಕೆಲಸವನ್ನೇ ದೋಣಿಯ ಮುಂದೆ ನಿಂತವನೂ ಮಾಡಬೇಕಾಗುತ್ತದೆ: ಮೊದಲು ಆಕಾರ, ಆಮೇಲೆ ಲೋಹ, ಕೊನೆಗೆ ಅರದ ಗುರುತು.

ಬತ್ತಲಗುಂಡು, ಪೆರಿಯಕುಳಂಗಳನ್ನು ದಾಟಿ ತೇನಿಗೆ ಬಂದರೆ ಬೆಟ್ಟಗಳು ಎರಡೂ ಕಡೆಯಿಂದ ಹತ್ತಿರವಾಗುತ್ತವೆ. ಚಿನ್ನಮನೂರು, ಉತ್ತಮಪಾಳಯಂ, ಕಂಬಂ, ಗೂಡಲೂರು ಎಂದು ಊರುಗಳು ಒಂದರ ಹಿಂದೆ ಒಂದು ಬರುತ್ತವೆ. ನಡುವೆ ಭತ್ತದ ಗದ್ದೆ, ತೆಂಗು, ಬಾಳೆ ಮತ್ತು ಚಪ್ಪರದ ಮೇಲೆ ಹಬ್ಬಿದ ದ್ರಾಕ್ಷಿ. 2023ರಲ್ಲಿ ಕಂಬಂ ಪನ್ನೀರ್ ದ್ರಾಕ್ಷಿಗೂ ಭೌಗೋಳಿಕ ಗುರುತು ದೊರೆತಿದೆ. ಈ ಹಸಿರಿನ ಬಹುಪಾಲು ಬೆಟ್ಟದ ಆಚೆಗಿನ ನೀರಿನದು. ಪಶ್ಚಿಮಕ್ಕೆ ಹರಿದು ಕಡಲನ್ನು ಸೇರುತ್ತಿದ್ದ ಪೆರಿಯಾರನ್ನು ತಡೆದು, ಬೆಟ್ಟದಲ್ಲಿ ಸುರಂಗ ಕೊರೆದು, ಪೂರ್ವದ ಬರದ ಸೀಮೆಗೆ ತಿರುಗಿಸಿದವರು ಎಂಜಿನಿಯರ್ ಜಾನ್ ಪೆನ್ನಿಕ್ವಿಕ್. 1887ರಲ್ಲಿ ತೊಡಗಿದ ಕೆಲಸವು 1895ರಲ್ಲಿ ಮುಗಿಯಿತು; ಅಕ್ಟೋಬರ್ ತಿಂಗಳಲ್ಲಿ ಮದರಾಸಿನ ಗವರ್ನರ್ ವೆನ್ಲಾಕ್ ಪ್ರಭು ಅದನ್ನು ಉದ್ಘಾಟಿಸಿದರು. ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಕಟ್ಟಿದ, ಸುಮಾರು 1,200 ಅಡಿ ಉದ್ದದ ಆ ಮುಲ್ಲಪೆರಿಯಾರ್ ಅಣೆಕಟ್ಟು ಇಂದಿಗೂ ನಿಂತಿದೆ. ಘಾಟಿಯ ಬುಡದ ಲೋವರ್ ಕ್ಯಾಂಪಿನಲ್ಲಿ 2013ರ ಜನವರಿ 15ರಂದು, ಅವರ ಹುಟ್ಟಿದ ದಿನದಲ್ಲಿ, ಪೆನ್ನಿಕ್ವಿಕ್ ಸ್ಮಾರಕವು ತೆರೆಯಿತು. ಕಣಿವೆಯ ರೈತರು ಅವರ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ.

ಕಂಬಂ ಊರಿನಲ್ಲಿ ಕನ್ನಡದ ಓದುಗರು ಸ್ವಲ್ಪ ಹೊತ್ತು ನಿಲ್ಲಬೇಕು. ಕಪ್ಪಿಲಿಯರ್ ಎಂದು ತಮಿಳರು ಕರೆಯುವ, ಮನೆಯಲ್ಲಿ ಕನ್ನಡವನ್ನಾಡುವ ಬೇಸಾಯಗಾರರ ನೆಲೆ ಇದು. ಅವರ ದೇವರ ದನದ ಮಂದೆಗೆ ‘ತಂಬಿರಾನ್ ಮಾಡು’ ಎಂದು ಹೆಸರು. ಮಂದೆಯ ನಾಯಕನಾದ ಹೋರಿಯನ್ನು ಆರಿಸುವಾಗ ಮುಂದೆ ಕಬ್ಬನ್ನಿಟ್ಟು, ಯಾವ ಕರು ಮೊದಲು ಬಂದು ಬಾಯಿ ಹಾಕುವುದೋ ಅದಕ್ಕೆ ಪಟ್ಟ ಕಟ್ಟುವ ಪದ್ಧತಿಯನ್ನು ನೂರು ವರ್ಷಗಳಿಗೂ ಹಿಂದಿನ ಮದುರೆ ಜಿಲ್ಲೆಯ ಗೆಜೆಟಿಯರ್ ದಾಖಲಿಸಿದೆ. ಆ ಹೋರಿಗೆ ಅವರಿಟ್ಟ ಹೆಸರು ‘ಪಟ್ಟದ ಆವು’. ‘ಆವು’ ಎಂಬ ಹಳೆಯ ಮಾತು ಕನ್ನಡ ನಾಡಿನ ಊರುಗಳಲ್ಲಿಯೇ ಅಪರೂಪವಾಗಿರುವಾಗ, ಶಾಲೆಯ ಆಸರೆಯಾಗಲಿ ಲಿಪಿಯ ಬೆಂಬಲವಾಗಲಿ ಇಲ್ಲದೆ ಬೆಟ್ಟದ ಬುಡದಲ್ಲಿ ಉಳಿಯಿತು. ಬರವಣಿಗೆಯಿಲ್ಲದ ವಸ್ತುವೂ ತನ್ನ ಕಾಲವನ್ನು ಹೇಳಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ನಿಂತ ಮರ, ತೇಲುವ ಮರ

ಲೋವರ್ ಕ್ಯಾಂಪಿನಿಂದ ತಿರುವುಗಳನ್ನು ಹತ್ತಿ ಕುಮಿಳಿಯನ್ನು ಸೇರಿದರೆ ರಾಜ್ಯ ಬದಲಾಗುತ್ತದೆ, ಫಲಕಗಳ ಲಿಪಿ ಬದಲಾಗುತ್ತದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ತೇಕ್ಕಡಿಯ ದೋಣಿಕಟ್ಟೆ. ಸುಮಾರು 26 ಚದರ ಕಿಲೋಮೀಟರ್ ಹರಹಿನ ಈ ಸರೋವರದ ಸುತ್ತಲಿನ ಕಾಡು 1934ರಲ್ಲಿ ಮೀಸಲು ವನ್ಯಧಾಮವಾಗಿ, 1978ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ತಿರುವಾಂಕೂರಿನ ಮಹಾರಾಜರ ಬೇಸಿಗೆಯ ಅರಮನೆಯೊಂದು ಇಡಪಾಳಯದ ದಡದಲ್ಲಿದೆ. ಅಲ್ಲಿಗೂ ನೀರಿನ ದಾರಿಯೇ. ತಮಿಳುನಾಡಿನ ಅಧಿಕಾರಿಗಳಿಗೆ ಅಣೆಕಟ್ಟನ್ನು ತಲುಪಲು ಇಂದಿಗೂ ಅನುಕೂಲವಾದ ದಾರಿ ದೋಣಿಯದು. ಅವರ ದೋಣಿಗಳಲ್ಲೊಂದರ ಹೆಸರು ಕಣ್ಣಗಿ; ಹತ್ತಿರದ ಬೆಟ್ಟದ ಮೇಲೆ, ಎರಡು ರಾಜ್ಯಗಳ ಗಡಿಯಲ್ಲಿ, ಚೈತ್ರ ಹುಣ್ಣಿಮೆಯಂದು ತೆರೆಯುವ ಮಂಗಳಾದೇವಿ ಕಣ್ಣಗಿಯ ಗುಡಿಯಿರುವುದನ್ನು ಬಲ್ಲವರಿಗೆ ಆ ಹೆಸರಿನ ಔಚಿತ್ಯ ತಿಳಿಯುತ್ತದೆ.

ದೋಣಿ ಹೊರಟ ಕೆಲವೇ ನಿಮಿಷಗಳಲ್ಲಿ ಎಲ್ಲರ ಕಣ್ಣೂ ನೀರಿನ ನಡುವೆ ನಿಂತ ಕರಿಯ ಮರದ ಬೊಡ್ಡೆಗಳತ್ತ ಹೋಗುತ್ತದೆ. 1895ರಲ್ಲಿ ಕಣಿವೆ ಮುಳುಗಿದಾಗ ಕಡಿಯದೆ ಬಿಟ್ಟ ಕಾಡಿನ ಶೇಷಗಳಿವು. ನೀರುಕಾಗೆಗಳು ಅವುಗಳ ಮೇಲೆ ರೆಕ್ಕೆಯೊಣಗಿಸಿಕೊಂಡು ಕುಳಿತಿರುತ್ತವೆ. ಇಷ್ಟು ವರ್ಷ ನೀರಿನಲ್ಲಿದ್ದರೂ ಇವು ಕೊಳೆಯಲಿಲ್ಲವೇಕೆ ಎಂದು ಮಕ್ಕಳು ಕೇಳದೆ ಇರುವುದಿಲ್ಲ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಪೂರ್ಣ ಮುಳುಗಿದ ಮರಕ್ಕೆ ಗಾಳಿಯಿಲ್ಲ, ಪೂರ್ಣ ಒಣಗಿದ ಮರಕ್ಕೆ ತೇವವಿಲ್ಲ. ಎರಡೂ ಸೇರುವ ಜಾಗದಲ್ಲಿ ಮಾತ್ರ ಮರಣ. ಮರದ ದೋಣಿಯ ಪರೀಕ್ಷೆ ತೊಡಗುವುದೂ ಇದೇ ತತ್ತ್ವದಿಂದ. ಹಳೆಯ ದೋಣಿಯು ನೀರಿನೊಳಗಿನ ತಳದಲ್ಲಿ ಹಾಳಾಗುವುದಕ್ಕಿಂತ ಹೆಚ್ಚಾಗಿ ಮಳೆಯ ನೀರು ನಿಲ್ಲುವ ಮೂಲೆಗಳಲ್ಲಿ, ಮೇಲ್ಹಾಸಿನ ಸಂದಿಗಳಲ್ಲಿ, ಮೂತಿಯ ಕೂಡಿಕೆಯಲ್ಲಿ ಹಾಳಾಗುತ್ತದೆ. ಬೆರಳ ಗಣ್ಣಿನಿಂದ ತಟ್ಟಿದರೆ ಗಟ್ಟಿ ಮರ ಕಂಚಿನಂತೆ ನುಡಿಯುತ್ತದೆ, ಕೊಳೆತ ಮರ ಒದ್ದೆ ಬಟ್ಟೆಯಂತೆ ಮೌನವಾಗಿರುತ್ತದೆ.

ಆಕಾರ ಹೇಳುವ ಕಾಲ

ಮೋಟಾರು ದೋಣಿಗಳ ಚರಿತ್ರೆಯನ್ನು ಬಲ್ಲವರು ಮೊದಲು ದೂರ ನಿಂತು ಬದಿಯಿಂದ ನೋಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ಹದಿನೈದು ವರ್ಷಗಳ ದೋಣಿ ಉದ್ದವಾಗಿ, ಸಣಕಲಾಗಿರುತ್ತದೆ. ಮೂತಿ ನೀರಿಗೆ ಲಂಬವಾಗಿ, ಚಾಕುವಿನಂತೆ ನಿಲ್ಲುತ್ತದೆ. ಹಿಂಭಾಗ ದುಂಡಾಗಿ ಕಿರಿದಾಗುತ್ತದೆ. ತಳ ಬಟ್ಟಲಿನಂತೆ ಬಾಗಿರುತ್ತದೆ. ಹಬೆಯ ಯಂತ್ರವೂ ಅದರ ಕುದಿಪಾತ್ರೆಯೂ ನಡುವೆಯೇ ಇರಬೇಕಾಗಿದ್ದುದರಿಂದ ಪ್ರಯಾಣಿಕರು ಮುಂದೆ, ಹಿಂದೆ ಹಂಚಿ ಕುಳಿತುಕೊಳ್ಳುತ್ತಿದ್ದರು. ಮೇಲೆ ತೆಳುವಾದ ಬಟ್ಟೆಯ ಮೇಲ್ಕಟ್ಟು. ಪೆಟ್ರೋಲ್ ಎಂಜಿನ್ ಬಂದಾಗ ಯಂತ್ರ ಚಿಕ್ಕದಾಯಿತು, ಆದರೆ ದೋಣಿ ಕಟ್ಟುವವರ ಕೈ ಕೂಡಲೇ ಬದಲಾಗಲಿಲ್ಲ. ಆದುದರಿಂದ 1910ರ ಸುಮಾರಿನ ಮೋಟಾರು ದೋಣಿಗಳು ಬಹುಮಟ್ಟಿಗೆ ಹಬೆಯ ದೋಣಿಯ ಅಚ್ಚಿನಲ್ಲಿಯೇ ಇವೆ.

ಇಂತಹ ದೋಣಿಗಳು ನೀರನ್ನು ಸೀಳಿ, ಬದಿಗೆ ತಳ್ಳಿ ಮುಂದೆ ಸಾಗುತ್ತವೆ. ಆದ್ದರಿಂದ ಅವುಗಳ ವೇಗಕ್ಕೆ ಪ್ರಕೃತಿಯೇ ಹಾಕಿದ ಮಿತಿಯಿದೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಬಹುದು. ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಗಂಟೆಗೆ ಎಷ್ಟು ನಾಟಿಕಲ್ ಮೈಲಿ ಎಂಬುದು ಸಿಗುತ್ತದೆ. 25 ಅಡಿಯ ದೋಣಿಗೆ 6.7, ಎಂದರೆ ಗಂಟೆಗೆ ಸುಮಾರು 12 ಕಿಲೋಮೀಟರ್. 36 ಅಡಿಯದಕ್ಕೆ ಸುಮಾರು 15 ಕಿಲೋಮೀಟರ್. ಎಷ್ಟೇ ದೊಡ್ಡ ಎಂಜಿನ್ನನ್ನು ಹಾಕಿದರೂ ದುಂಡುತಳದ ದೋಣಿ ಇದಕ್ಕಿಂತ ಬಹಳ ಮುಂದೆ ಹೋಗದು. ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ಹೆಣಗುತ್ತದೆ.

ಈ ಮಿತಿಯನ್ನು ಮುರಿಯುವ ಹಂಬಲದಿಂದಲೇ ಮುಂದಿನ ಕಾಲದ ಆಕಾರ ಹುಟ್ಟಿತು. 1920ರ ದಶಕದಲ್ಲಿ ತಳವು ಕೋನವಾಯಿತು, ಹಿಂಭಾಗ ಅಗಲವಾಗಿ ಚಪ್ಪಟೆಯಾಯಿತು. ವೇಗ ಹೆಚ್ಚಿದಾಗ ದೋಣಿ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೇರಿ ಜಾರತೊಡಗಿತು. ಅಮೆರಿಕದ ಮಿಷಿಗನ್ ರಾಜ್ಯದ ಅಲ್ಗೊನಾಕ್ ಊರಿನಲ್ಲಿ ಕ್ರಿಸ್ ಸ್ಮಿತ್ ಮತ್ತು ಅವರ ಮಕ್ಕಳು 1922ರಲ್ಲಿ ತೊಡಗಿದ, ಮುಂದೆ ಕ್ರಿಸ್-ಕ್ರಾಫ್ಟ್ ಎಂದು ಹೆಸರಾದ ಕಾರ್ಖಾನೆಯು ಇಂತಹ ಮಹಾಗನಿ ಮರದ ದೋಣಿಗಳನ್ನು ಮೋಟಾರು ಕಾರುಗಳಂತೆ ಸಾಲಾಗಿ ತಯಾರಿಸಿತು. 1930ರ ದಶಕದ ಕೊನೆಯಲ್ಲಿ ಹಿಂಭಾಗದ ಅಂಚುಗಳು ಪೀಪಾಯಿಯಂತೆ ಒಳಗೆ ಬಾಗಿದವು. ಎರಡನೆಯ ಮಹಾಯುದ್ಧವು ನೀರು ಹೊಗದ ಪ್ಲೈವುಡ್ಡನ್ನೂ ಬಲವಾದ ಅಂಟನ್ನೂ ವ್ಯಾಪಕವಾಗಿ ಕೊಟ್ಟಿತು. 1955ರ ‘ಕೋಬ್ರಾ’ ಮಾದರಿಯ ಬೆನ್ನ ಮೇಲೆ ಆ ಕಾಲದ ಕಾರುಗಳಿಗಿದ್ದಂತೆ ಮೀನಿನ ರೆಕ್ಕೆ ಮೂಡಿತು. ಇಟಲಿಯ ರೀವಾ ಮನೆತನದವರು 1962ರಲ್ಲಿ ಹೊರತಂದ ‘ಅಕ್ವರಾಮಾ’ ಮರದ ದೋಣಿಯ ವೈಭವದ ಕೊನೆಯ ಶಿಖರ. ಅಷ್ಟರಲ್ಲಿ ಗಾಜಿನ ನಾರಿನ ದೋಣಿ, ಎಂದರೆ ಫೈಬರ್ ದೋಣಿ, ಮಾರುಕಟ್ಟೆಯನ್ನು ಹಿಡಿಯತೊಡಗಿತ್ತು.

ಇಂತಹ ವಿಲಾಸದ ದೋಣಿಗಳು ತೇಕ್ಕಡಿಗಾಗಿ ಹುಟ್ಟಿದವುಗಳಲ್ಲ. ಇಲ್ಲಿನ ನೀರು ಕೇಳಿದ್ದು ಜನರನ್ನೂ ಸಾಮಾನನ್ನೂ ಹೊರುವ, ಸದ್ದು ಕಡಿಮೆಯ, ನಿಧಾನವಾದ ಕೆಲಸದ ದೋಣಿಯನ್ನು. ಆದರೆ ಹೊರಗಿನ ಚರಿತ್ರೆಯನ್ನು ತಿಳಿದವನಿಗೆ ಯಾವ ಊರಿನ ದೋಣಿಯ ಮುಂದೆ ನಿಂತರೂ ಮೂರು ಪ್ರಶ್ನೆಗಳು ಸಿದ್ಧವಾಗಿರುತ್ತವೆ: ಮೂತಿ ನೆಟ್ಟಗಿದೆಯೋ, ಮುಂದಕ್ಕೆ ಚಾಚಿದೆಯೋ? ತಳ ದುಂಡಗಿದೆಯೋ, ಕೋನವಾಗಿದೆಯೋ? ಹಿಂಭಾಗ ಕಿರಿದೋ, ಅಗಲವೋ?

ಮೊಳೆ, ಹಲಗೆ, ಯಂತ್ರ

ಆಕಾರದ ಮೇಲೆ ಮಾತ್ರ ತೀರ್ಪು ಕೊಡುವುದು ಆತುರವಾದೀತು. ಹಳೆಯ ಅಚ್ಚನ್ನು ಹೊಸಬರು ಅನುಕರಿಸುತ್ತಾರೆ. ಆದುದರಿಂದ ಎರಡನೆಯ ಹಂತದಲ್ಲಿ ಹತ್ತಿರ ಹೋಗಿ ಹಲಗೆಗಳನ್ನು ಕೂಡಿಸಿದ ಬಗೆಯನ್ನು ನೋಡಬೇಕು. ಕೇರಳದ ಹಳೆಯ ವಳ್ಳಗಳಲ್ಲಿ ಮೊಳೆಯೇ ಇಲ್ಲ. ತೆಂಗಿನ ನಾರಿನ ಹುರಿಯಿಂದ ಹಲಗೆಗೆ ಹಲಗೆಯನ್ನು ಹೊಲಿದಿರುತ್ತಾರೆ. ಎಂಜಿನ್ನಿನ ನಡುಕವನ್ನು ತಡೆಯಬೇಕಾದಾಗ ತಾಮ್ರದ ಮೊಳೆ, ಹಿತ್ತಾಳೆಯ ತಿರುಪು ಬಂದವು. ತಿರುಪಿನ ತಲೆಯೂ ಮಾತನಾಡುತ್ತದೆ. ಒಂದೇ ಗೀರಿನ ತಲೆಯ ತಿರುಪು ಹಳೆಯದು. ಕೂಡಿಸುವ ಗುರುತಿನಂತೆ ಅಡ್ಡಗೀರಿನ ತಲೆ ಇರುವ ತಿರುಪಿಗೆ ಹೆನ್ರಿ ಫಿಲಿಪ್ಸ್ ಪೇಟೆಂಟ್ ಪಡೆದದ್ದು 1936ರಲ್ಲಿ. ಅಂತಹ ತಿರುಪು ಕಂಡರೆ ಆ ಜೋಡಣೆ ಅದಕ್ಕಿಂತ ಹಿಂದಿನದಾಗಿರುವುದು ಸಾಧ್ಯವಿಲ್ಲ.

ಹಲಗೆಯ ಒಳಮೈಯನ್ನು ನೋಡಿದರೆ ಗರಗಸದ ಗುರುತುಗಳಿರುತ್ತವೆ. ಇಬ್ಬರು ನಿಂತು ಎಳೆಯುವ ಗರಗಸದ ಗೀರುಗಳು ನೇರವಾಗಿದ್ದರೂ ಒಂದರಂತೆ ಒಂದಿರುವುದಿಲ್ಲ. ಚಕ್ರಗರಗಸದ ಗೀರು ಬಿಲ್ಲಿನಂತೆ ಬಾಗಿರುತ್ತದೆ. ಪಟ್ಟಿಗರಗಸದ್ದು ನೇರ, ಸಮಾನಾಂತರ. ಮರದ ಜಾತಿಯೂ ಸಾಕ್ಷಿಯೇ. ಮಲಯಾಳಿಗಳು ಆಂಜಿಲಿ ಎನ್ನುವ, ನಮ್ಮವರು ಹೆಬ್ಬಲಸು ಎನ್ನುವ ಮರ ಪಶ್ಚಿಮ ಕರಾವಳಿಯ ದೋಣಿ ಕಟ್ಟುವವರಿಗೆ ಅಚ್ಚುಮೆಚ್ಚು; ತೇಗ ದುಬಾರಿಯಾದರೂ ಬಾಳಿಕೆಗೆ ಹೆಸರಾದದ್ದು. ಉದ್ದವಾದ ಒಂದೇ ಹಲಗೆ ಮೂತಿಯಿಂದ ಹಿಂಭಾಗದವರೆಗೆ ಹೋಗಿದ್ದರೆ ದೊಡ್ಡ ಮರಗಳು ಸುಲಭವಾಗಿ ಸಿಗುತ್ತಿದ್ದ ಕಾಲವನ್ನು ಅದು ಸೂಚಿಸುತ್ತದೆ. ತುಂಡು ತುಂಡಾಗಿ ಕೂಡಿಸಿದ ಹಲಗೆ ಮರದ ಬರಗಾಲವನ್ನು ಹೇಳುತ್ತದೆ.

ಸಿಹಿನೀರಿನ ಸರೋವರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮರವನ್ನು ಕೊರೆಯುವ ಹಡಗುಹುಳು ಬಾಳುವುದು ಉಪ್ಪುನೀರಿನಲ್ಲಿ ಮಾತ್ರ. ಅದನ್ನು ತಡೆಯಲೆಂದು ಕಡಲಿನ ದೋಣಿಗಳ ತಳಕ್ಕೆ ಹಿಂದೆ ತಾಮ್ರದ ತಗಡನ್ನು, ಆಮೇಲೆ ಅಗ್ಗದ ಅಲ್ಯುಮಿನಿಯಂ ತಗಡನ್ನು ಹೊದಿಸುತ್ತಿದ್ದರು. ಬೆಟ್ಟದ ಮೇಲಿನ ಸರೋವರದ ದೋಣಿಯ ತಳದಲ್ಲಿ ಸಣ್ಣ ಸಣ್ಣ ಮೊಳೆಗಳ ಸಾಲು ತೂತುಗಳಿದ್ದರೆ, ಅದು ಎಂದೋ ತಗಡು ಹೊದ್ದು ಹಿನ್ನೀರಿನಲ್ಲಿಯೋ ಕಡಲಿನಲ್ಲಿಯೋ ದುಡಿದು, ಆಮೇಲೆ ಘಾಟಿ ಹತ್ತಿದ ದೋಣಿಯಾಗಿರಬಹುದು.

ಮೂರನೆಯದು ಯಂತ್ರ. ಹಳೆಯ ದೋಣಿಗಳಲ್ಲಿ ಇಂಗ್ಲೆಂಡಿನ ಹೆಸರುಗಳಿರುತ್ತವೆ. ಸ್ವಾತಂತ್ರ್ಯದ ಆಸುಪಾಸಿನಿಂದ ಈಚೆಗೆ ಕಿರ್ಲೋಸ್ಕರ್, ಅಶೋಕ್ ಲೇಲ್ಯಾಂಡ್ ಮುಂತಾದ ಸ್ವದೇಶಿ ಡೀಸೆಲ್ ಎಂಜಿನ್ನುಗಳು ಬರುತ್ತವೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಟ್ಟು ಬಾಳನ್ನು ತೊಡಗಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು ಪುಣೆಯಲ್ಲಿ ತೈಲ ಎಂಜಿನ್ನಿನ ಕಂಪನಿಯನ್ನು ಸ್ಥಾಪಿಸಿದ್ದು 1946ರಲ್ಲಿ. ಅಂತಹ ಎಂಜಿನ್ನಿನ ಮೇಲಿನ ಹಿತ್ತಾಳೆಯ ಫಲಕದಲ್ಲಿ ಕ್ರಮಸಂಖ್ಯೆಯಿರುತ್ತದೆ. ತಯಾರಕರ ದಫ್ತರದಿಂದ ಅದರ ವರ್ಷವನ್ನು ತಿಳಿಯಬಹುದು.

ಹೊಸ ಮೊಳೆ, ಹಳೆಯ ದೋಣಿ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಂಜಿನ್ನಿನ ವರ್ಷ ಎಂಜಿನ್ನಿನದು, ದೋಣಿಯದಲ್ಲ. ಒಂದು ಮರದ ದೋಣಿ ತನ್ನ ಆಯುಷ್ಯದಲ್ಲಿ ಮೂರು ನಾಲ್ಕು ಎಂಜಿನ್ನುಗಳನ್ನು ಕಾಣಬಹುದು, ಅರ್ಧಕ್ಕರ್ಧ ಹಲಗೆಗಳನ್ನು ಬದಲಿಸಿಕೊಂಡಿರಬಹುದು. ಅಡ್ಡಗೀರಿನ ತಿರುಪು ದುರಸ್ತಿಯ ಕಾಲವನ್ನು ಹೇಳುತ್ತದೆ. ಕಟ್ಟಿದ ಕಾಲವನ್ನು ಹೇಳುವುದು ಬದಲಿಸಲು ಕಷ್ಟವಾದ ಭಾಗಗಳು, ಎಂದರೆ ಬೆನ್ನುಮೂಳೆಯಂತಿರುವ ತಳದ ತೊಲೆ, ಪಕ್ಕೆಮರಗಳು, ಮೂತಿಯ ಮರ. ಆದುದರಿಂದ ಬಲ್ಲವರು ಒಂದು ಗುರುತನ್ನು ನಂಬುವುದಿಲ್ಲ. ಒಂದರಿಂದ ಒಂದಕ್ಕೆ ಸಂಬಂಧವಿಲ್ಲದ ಮೂರು ಗುರುತುಗಳು ಒಂದೇ ಕಾಲವನ್ನು ತೋರಿಸಿದಾಗ ಮಾತ್ರ ಬಾಯಿ ಬಿಡುತ್ತಾರೆ.

ನ್ಯಾಯಾಲಯಗಳು ಹಳೆಯ ಪತ್ರಗಳನ್ನು ಪರಿಶೀಲಿಸುವುದೂ ಹೆಚ್ಚುಕಡಿಮೆ ಹೀಗೆಯೇ. 1872ರ ಸಾಕ್ಷ್ಯ ಕಾಯಿದೆಯ 90ನೆಯ ಕಲಮು, ಅದರ ಜಾಗಕ್ಕೆ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 92ನೆಯ ಕಲಮು, ಎರಡೂ ಹೇಳುವುದು ಇದನ್ನು: ಮೂವತ್ತು ವರ್ಷ ಹಳೆಯ ಪತ್ರವು ಇರಬೇಕಾದವರ ವಶದಲ್ಲಿಯೇ ಇದ್ದು ಬಂದಿದ್ದರೆ, ಅದರ ಸಹಿಯೂ ಬರಹವೂ ಯಾರದೆಂದು ಹೇಳಲಾಗಿದೆಯೋ ಅವರದೇ ಎಂದು ನ್ಯಾಯಾಲಯ ಭಾವಿಸಬಹುದು. ವಯಸ್ಸಿನಷ್ಟೇ ವಶವೂ ಮುಖ್ಯ. ದೋಣಿಯ ವಿಷಯದಲ್ಲಿಯೂ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಸರಪಳಿ ತುಂಡಾಗದೆ ಇದ್ದರೆ ಮರದ ಸಾಕ್ಷ್ಯಕ್ಕೆ ಬಲ ಬರುತ್ತದೆ. ಈ ಸರಪಳಿಯನ್ನು ಕಾಯುವುದು ನೋಂದಣಿ ಪುಸ್ತಕ. ಒಳನಾಡಿನ ಯಾಂತ್ರಿಕ ದೋಣಿಗಳಿಗೆಂದು ನಮ್ಮಲ್ಲಿ ಮಾಡಿದ 1917ರ ಕಾಯಿದೆಯ ಮೊದಲ ಹೆಸರಿನಲ್ಲಿ ‘ಹಬೆಯ ನೌಕೆ’ ಎಂದೇ ಇತ್ತು. ಮುಂದೆ ಆ ‘ಹಬೆ’ ಬಿಟ್ಟುಹೋಯಿತು. 2021ರಲ್ಲಿ ಇಡಿಯ ಕಾಯಿದೆಯೇ ಹೊಸದಾಯಿತು. ಕಾಯಿದೆಯ ಹೆಸರಿನಲ್ಲಿಯೂ ಯಂತ್ರದ ಕಾಲವನ್ನು ಓದಬಹುದು.

ಕೊಡೈಕಾನಲ್ ಮತ್ತು ಮಲ್ಪೆ

ಇದೇ ಪ್ರವಾಸದಲ್ಲಿ ಹೋಲಿಕೆಗೆಂದು ನೋಡಬಹುದಾದ ಇನ್ನೊಂದು ನೀರು ದಿಂಡಿಗಲ್ ಜಿಲ್ಲೆಯ ಕೊಡೈಕಾನಲ್ ಸರೋವರ. ಮದುರೆಯ ಕಲೆಕ್ಟರ್ ಆಗಿದ್ದ ವಿಯರ್ ಹೆನ್ರಿ ಲೆವಿಂಜ್ 1863ರಲ್ಲಿ ತೊರೆಗಳಿಗೆ ಕಟ್ಟೆ ಹಾಕಿ, ಜೌಗು ನೆಲವನ್ನು ನಕ್ಷತ್ರದಾಕಾರದ ಸರೋವರವಾಗಿಸಿದರು. ಮೊದಲ ದೋಣಿಯನ್ನು ತೂತುಕುಡಿಯಿಂದ ತರಿಸಿದರೆಂದು ಪ್ರತೀತಿ. 1890ರಲ್ಲಿ ದೋಣಿ ಸಂಘವೂ ಹುಟ್ಟಿತು. ಅಲ್ಲಿನ ಹೆಸರು ಹುಟ್ಟು ಹಾಕುವ ದೋಣಿಗಳಿಗೆ, ಈಚೆಗೆ ಕಾಲಿನಿಂದ ತುಳಿಯುವ ದೋಣಿಗಳಿಗೆ. ಎಂಜಿನ್ನಿನ ಭಾರವನ್ನು ಹೊರಬೇಕಾಗಿಲ್ಲದ ದೋಣಿ ಎಷ್ಟು ಹಗುರವಾಗಿ, ಎಷ್ಟು ತೆಳುವಾಗಿ ಇರಬಲ್ಲದೆಂಬುದನ್ನು ಅಲ್ಲಿ ಕಂಡವರಿಗೆ ತೇಕ್ಕಡಿಯ ದೋಣಿಗಳ ದಪ್ಪ ಪಕ್ಕೆಮರಗಳ ಅರ್ಥ ತಾನಾಗಿ ತಿಳಿಯುತ್ತದೆ.

ಕಾಸರಗೋಡು, ಮಂಗಳೂರು, ಮಲ್ಪೆಗಳ ಕಡೆಯ ಓದುಗರಿಗೆ ದೂರ ಹೋಗಬೇಕಾದ ಕಾರಣವೂ ಇಲ್ಲ. 1953ರಲ್ಲಿ ಕೊಲ್ಲಂ ಬಳಿಯ ನೀಂಡಕರದಲ್ಲಿ ತೊಡಗಿದ ಭಾರತ-ನಾರ್ವೆ ಯೋಜನೆಯು ಚಿಕ್ಕ ಯಾಂತ್ರಿಕ ಮೀನುಗಾರಿಕಾ ದೋಣಿಯನ್ನು ಪಶ್ಚಿಮ ಕರಾವಳಿಗೆ ಪರಿಚಯಿಸಿತು. ಮುಂದಿನ ಎರಡು ದಶಕಗಳಲ್ಲಿ ನಮ್ಮ ಬಂದರುಗಳಲ್ಲಿಯೂ ಮರದ ಟ್ರಾಲ್ ದೋಣಿಗಳು ತುಂಬಿದವು; 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂತು; ಆಮೇಲೆ ಫೈಬರ್, ಉಕ್ಕು. ಹಿರಿಯ ಬಡಗಿಗಳು ಅಳತೆಯ ನಕ್ಷೆಯಿಲ್ಲದೆ, ಕಣ್ಣಳತೆಯಿಂದ, ಬಾಯಿಲೆಕ್ಕದಿಂದ ಕಟ್ಟಿದ ದೋಣಿಗಳು ದಡಕ್ಕೆ ಬಿದ್ದು ಸೌದೆಯಾಗುತ್ತಿವೆ. ಅವರೊಡನೆ ಆ ಕೆಲಸದ ಮಾತುಗಳೂ ಹೋಗುತ್ತಿವೆ. ಕಂಬಂನ ಕನ್ನಡಿಗರು ‘ಆವು’ ಎಂಬ ಮಾತನ್ನು ಉಳಿಸಿದ್ದು ಅದನ್ನು ಬಳಸುವ ಒಂದು ಸಂದರ್ಭವನ್ನು ಉಳಿಸಿಕೊಂಡಿದ್ದರಿಂದ. ಕೆಲಸ ನಿಂತರೆ ಮಾತು ನಿಲ್ಲುತ್ತದೆ.

ಕುತೂಹಲವಲ್ಲ, ಜೀವದ ಪ್ರಶ್ನೆ

ದೋಣಿಯ ಕಾಲವನ್ನು ಗುರುತಿಸುವುದು ಬಿಡುವಿನವರ ಹವ್ಯಾಸ ಎಂದು ಕೆಲವರಿಗೆ ತೋರಬಹುದು. ಆದರೆ ಒಂದು ಆಕಾರವನ್ನು ಗುರುತಿಸುವುದೆಂದರೆ ಆ ದೋಣಿಯನ್ನು ಯಾವ ಕೆಲಸಕ್ಕಾಗಿ, ಎಷ್ಟು ಭಾರಕ್ಕಾಗಿ ಕಟ್ಟಿದರು ಎಂದು ಗುರುತಿಸುವುದೇ. ದುಂಡುತಳದ, ಸಣಕಲಾದ ದೋಣಿ ತನ್ನ ಭಾರವನ್ನೆಲ್ಲ ಕೆಳಗಿಟ್ಟುಕೊಂಡಾಗ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಅದರ ಮೇಲೆ ಒಂದು ಅಂತಸ್ತನ್ನು ಕಟ್ಟಿ ಜನರನ್ನು ಹತ್ತಿಸಿದರೆ ತಕ್ಕಡಿಯ ಮುಳ್ಳು ಮೇಲೆ ಹೋದಂತಾಗುತ್ತದೆ. ಎಲ್ಲರೂ ಒಂದು ಬದಿಗೆ ಸರಿದ ಕ್ಷಣದಲ್ಲಿ ಅದು ಮಗುಚುತ್ತದೆ.

ಪಕ್ಕದ ಕೇರಳದ ಅನುಭವ ಇದನ್ನು ಕಣ್ಣೀರಿನಲ್ಲಿ ಬರೆದಿದೆ. 2002ರ ಜುಲೈ 27ರಂದು ಮುಹಮ್ಮದಿಂದ ಕುಮರಕಂಗೆ ಹೊರಟ ದೋಣಿ ವೇಂಬನಾಡು ಸರೋವರದಲ್ಲಿ ಮುಳುಗಿ 29 ಮಂದಿ ತೀರಿಕೊಂಡರು. 2007ರ ಫೆಬ್ರವರಿ 20ರಂದು ತಟ್ಟೆಕ್ಕಾಡಿನಲ್ಲಿ, ಇದೇ ಪೆರಿಯಾರ್ ನದಿಯ ಕೆಳಹರಿವಿನಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ 15 ಮಕ್ಕಳೂ 3 ಮಂದಿ ಅಧ್ಯಾಪಕರೂ ನೀರುಪಾಲಾದರು. ದೋಣಿ ಮಿತಿ ಮೀರಿ ತುಂಬಿತ್ತು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿಯೇ ‘ಜಲಕನ್ಯಕ’ ಎಂಬ ಎರಡಂತಸ್ತಿನ ದೋಣಿ ಮಗುಚಿ 45 ಪ್ರವಾಸಿಗಳು ಸತ್ತರು. ಅದು ಹಳೆಯ ಮರದ ದೋಣಿಯಾಗಿರಲಿಲ್ಲ. ನೀರಿಗಿಳಿದು ಕೆಲವೇ ವಾರಗಳಾಗಿದ್ದ ಫೈಬರ್ ದೋಣಿ. 2023ರ ಮೇ 7ರಂದು ತಾನೂರಿನಲ್ಲಿ 22 ಜೀವಗಳನ್ನು ಬಲಿತೆಗೆದುಕೊಂಡ ದೋಣಿ ಮೂಲತಃ ಮೀನು ಹಿಡಿಯಲು ಕಟ್ಟಿದ್ದು. ಬಣ್ಣ ಬಳಿದು, ಅಂತಸ್ತು ಕಟ್ಟಿ ಪ್ರವಾಸಿ ದೋಣಿಯೆಂದು ಓಡಿಸುತ್ತಿದ್ದರು.

ಈ ನಾಲ್ಕು ಘಟನೆಗಳಿಂದ ತಿಳಿಯುವುದು ಹಳೆಯದು ಕೆಟ್ಟದ್ದು, ಹೊಸದು ಒಳ್ಳೆಯದು ಎಂದಲ್ಲ. ಮರ ಕೆಟ್ಟದ್ದು, ಫೈಬರ್ ಒಳ್ಳೆಯದು ಎಂದೂ ಅಲ್ಲ. ಕಟ್ಟಿದ ಉದ್ದೇಶಕ್ಕೂ ಬಳಸುವ ಉದ್ದೇಶಕ್ಕೂ ನಡುವೆ ಅಂತರ ಬಂದಾಗ ದೋಣಿ ಅಪಾಯಕಾರಿಯಾಗುತ್ತದೆ. ಮೀನುದೋಣಿಯ ಮೂತಿಯನ್ನೂ ತಳವನ್ನೂ ಗುರುತಿಸಬಲ್ಲ ಕಣ್ಣಿಗೆ ಮೇಲಿನ ಬಣ್ಣದ ಅಂತಸ್ತು ಮರೆಮಾಡದು. ಕುಟುಂಬದೊಡನೆ ದೋಣಿಕಟ್ಟೆಗೆ ಹೋದವರು ಹತ್ತುವ ಮೊದಲು ನೋಂದಣಿ ಸಂಖ್ಯೆಯನ್ನೂ, ಎಷ್ಟು ಜನರಿಗೆ ಅನುಮತಿ ಎಂಬ ಬರಹವನ್ನೂ ಓದಬೇಕು, ತಲೆಗಳನ್ನು ಎಣಿಸಬೇಕು, ತೇಲುಕವಚವನ್ನು ಕೇಳಿ ತೊಡಬೇಕು. ಆನೆ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ಏಳಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು. ಲೆಕ್ಕಕ್ಕಿಂತ ಹೆಚ್ಚು ಜನರಿದ್ದರೆ ಮುಂದಿನ ದೋಣಿಗೆ ಕಾಯುವುದರಲ್ಲಿ ನಾಚಿಕೆಯಿಲ್ಲ.

ಕನ್ನಡ ಶಾಲೆಗಳ ಮಕ್ಕಳಿಗೆ ಇದರಲ್ಲಿ ಒಂದು ಕೆಲಸವೂ ಇದೆ. ಪ್ರವಾಸದ ಟಿಪ್ಪಣಿ ಪುಸ್ತಕದಲ್ಲಿ ‘ದೋಣಿ ವಿಹಾರ ಮಾಡಿದೆವು, ಆನಂದವಾಯಿತು’ ಎಂದು ಬರೆಯುವುದರ ಬದಲು, ಕಂಡ ಒಂದು ಮರದ ದೋಣಿಯ ಉದ್ದ, ಅಗಲ, ಮೂತಿಯ ಬಗೆ, ಹಲಗೆಯ ಮರ, ಮೊಳೆಯ ಲೋಹ, ಎಂಜಿನ್ನಿನ ಹೆಸರು ಇವನ್ನು ಬರೆದು ಒಂದು ಚಿತ್ರವನ್ನು ಬಿಡಿಸಬಹುದು. ತಮ್ಮ ಊರಿನ ಹೊಳೆಯ ದಡದಲ್ಲಿಯೋ ಬಂದರಿನಲ್ಲಿಯೋ ಬಿದ್ದಿರುವ ದೋಣಿಯ ಬಗ್ಗೆ ಹಿರಿಯ ಬಡಗಿಯೊಬ್ಬರನ್ನು ಕೇಳಿ, ಪ್ರತಿಯೊಂದು ಭಾಗಕ್ಕೂ ಅವರು ಹೇಳುವ ಹೆಸರನ್ನು, ಅದು ಕನ್ನಡವಿರಲಿ, ತುಳುವಿರಲಿ, ಮಲಯಾಳವಿರಲಿ, ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದಿಡಬಹುದು. ಐವತ್ತು ಶಾಲೆಗಳು ಒಂದೊಂದು ದೋಣಿಯನ್ನು ಬರೆದಿಟ್ಟರೆ ಯಾವ ಸಂಗ್ರಹಾಲಯದಲ್ಲಿಯೂ ಇಲ್ಲದ ಒಂದು ದಫ್ತರ ಸಿದ್ಧವಾಗುತ್ತದೆ.

ಪೆರಿಯಾರಿನ ಗುತ್ತಿಗೆ ಪತ್ರಕ್ಕೆ ಕಾವಲುಗಾರರು ಅನೇಕರು. 1970ರಲ್ಲಿ ಎರಡು ರಾಜ್ಯಗಳು ಕುಳಿತು ಬಾಡಿಗೆಯನ್ನು ಎಕರೆಗೆ 30 ರೂಪಾಯಿಗೆ ಏರಿಸಿ, ಮೀನು ಹಿಡಿಯುವ ಹಕ್ಕನ್ನು ಕೇರಳಕ್ಕೆ ಬಿಟ್ಟವು. ನೀರಿನ ಮಟ್ಟ 142 ಅಡಿಯಿರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿಯೂ, ಸಂವಿಧಾನ ಪೀಠವು 2014ರ ಮೇ 7ರಂದು ಮತ್ತೊಮ್ಮೆಯೂ ಹೇಳಿತು. ಆ ಪತ್ರದ ಒಂದೊಂದು ಅಕ್ಷರಕ್ಕೂ ವಾದಿಸಲು ಜನರಿದ್ದಾರೆ. ಅದೇ ನೀರಿನ ಮೇಲೆ ಜನರನ್ನು ಹೊತ್ತು ಸವೆದ ಮರದ ದೋಣಿಗಳಿಗೆ ಅಂತಹ ವಾದಿಗಳಿಲ್ಲ. ಅವುಗಳನ್ನು ಓದಬಲ್ಲವರು ಬೆಳೆದರೆ ಅಷ್ಟೇ ಸಾಕು. ಹಲಗೆಯೂ ಮೊಳೆಯೂ ಸಾಕ್ಷಿ ನುಡಿಯಲು ಸಿದ್ಧವಾಗಿಯೇ ಇವೆ.